ನಾಲ್ಕೂ ಕೈ ಕಂಡವನು

ಜನವರಿ ೧೯

ಅಣ್ಣಾ,

ಫೋನಿನಲ್ಲಿ ನಾನು ‘ಕಾಲು’ ಎಂದದ್ದು ನಿನಗೆ ‘ಹಾಲು’ ಎಂದು ಕೇಳಿಸಿ, ಚೆನ್ನಾಗಿ ಕಾಯಿಸಿ ಕುಡಿ ಎಂದು ಹೇಳಿ ನೀನು ಫೋನ್ ಇಟ್ಟುಬಿಟ್ಟೆ. ಕಾಗದದಲ್ಲಾದರೂ ಸರಿಯಾಗಿ ತಿಳಿದುಕೋ, ಮುರಿದದ್ದು ಕಾಲು. ಎಡಗಾಲು, ಹರಡಿನ ಮೇಲೆ. ನಮ್ಮ ಹಲ್ಲಿನ ಲ್ಯಾಬಿನ ಹಿಂಬದಿಯ ಮೆಟ್ಟಿಲ ಮೇಲೆ ಯಾರೋ ಮೇಣ ಚೆಲ್ಲಿದ್ದರು. ಇಪ್ಪತ್ತಾರು ವರ್ಷ ಊರವರ ಕಟ್ಟುಹಲ್ಲಿಗೆ ಪ್ಲಾಸ್ಟರ್ ಕಲಸಿದವಳ ಕಾಲಿಗೇ ಈಗ ಪ್ಲಾಸ್ಟರ್ ಬಿದ್ದಿದೆ. ಹತ್ತು ವಾರ ಕೆಲಸಕ್ಕೆ ಹೋಗುವ ಹಾಗಿಲ್ಲ.

ನೀನು ಚೀಟಿಯಲ್ಲಿ ಬರೆದು ಕಳಿಸಿದ್ದ ಬ್ರಿಜ್ ಪಾಠದ ಜಾಲತಾಣವನ್ನು ನಿನ್ನೆ ತೆರೆದೆ. ಎಲೆಯ ಮೇಲೆ ಬೆರಳಿಟ್ಟರೆ ಅದು ಹಾರಿ ಮೇಜಿನ ನಡುವೆ ಬೀಳುತ್ತದೆ. ತಪ್ಪು ಎಲೆಯಾದರೆ ಪಕ್ಕದಲ್ಲೊಂದು ಹಳದಿ ಚೌಕ ತೆರೆದುಕೊಂಡು ‘ಇನ್ನೊಮ್ಮೆ ಯೋಚಿಸಿ’ ಎನ್ನುತ್ತದೆ. ಒಂದೇ ಬೆಳಿಗ್ಗೆ ಹದಿನೇಳು ಸಲ ಅನ್ನಿಸಿಕೊಂಡೆ. ನೀನು ಲೆಕ್ಕ ಹೇಳಿಕೊಡುವಾಗ ತಲೆಗೆ ಮೊಟಕುತ್ತಿದ್ದೆಯಲ್ಲ, ಅದಕ್ಕಿಂತ ಇದು ವಾಸಿ.

ನನಗೆ ಅರ್ಥವಾದದ್ದು ಇಷ್ಟು. ನಾಲ್ಕು ಜನ, ಎದುರುಬದುರು ಕೂತವರು ಜೊತೆಗಾರರು, ಒಬ್ಬೊಬ್ಬರಿಗೆ ಹದಿಮೂರು ಎಲೆ. ಎಷ್ಟು ಸುತ್ತು ಗೆಲ್ಲುತ್ತೇವೆಂದು ಆಟಕ್ಕೆ ಮುಂಚೆಯೇ ಕೂಗಬೇಕು. ನನ್ನ ಕೈಯಲ್ಲಿ ಏನಿದೆ ಎಂಬುದನ್ನು ಜೊತೆಗಾರನಿಗೆ ಆ ಕೂಗಿನಲ್ಲಿ ಮಾತ್ರ ತಿಳಿಸಬೇಕು, ಕಣ್ಣುಸನ್ನೆ, ಕೆಮ್ಮು ಏನೂ ಕೂಡದು. ಕೂಗು ನಮ್ಮದಾದರೆ ಇಬ್ಬರಲ್ಲಿ ಒಬ್ಬರು ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟು ಡಮ್ಮಿಯಾಗಿ ಬಾಯಿ ಮುಚ್ಚಿಕೊಂಡು ಕೂರಬೇಕು. ಆ ಕೆಲಸ ನನ್ನಿಂದಾಗುವುದಿಲ್ಲ ಎಂದು ಅತ್ತಿಗೆ ನಗುತ್ತಿರಬೇಕು.

ನಿನ್ನ ತಂಗಿ


ಫೆಬ್ರವರಿ ೨

ಸಾಸಿವೆ,

ಐವತ್ತು ದಾಟಿದವಳು ಮೆಟ್ಟಿಲಲ್ಲಿ ಓಡಬಾರದು. ಇಷ್ಟಕ್ಕೆ ಬೈಗುಳ ಮುಗಿಯಿತು.

ಎಕ್ಕಕ್ಕೆ ನಾಲ್ಕು, ರಾಜನಿಗೆ ಮೂರು, ರಾಣಿಗೆ ಎರಡು, ಗುಲಾಮನಿಗೆ ಒಂದು. ಇಡೀ ಕಟ್ಟಿನಲ್ಲಿ ನಲವತ್ತು. ನಿನ್ನಲ್ಲಿ ಹನ್ನೆರಡು ಇದ್ದು, ಬಿಚ್ಚಿಟ್ಟ ಕೈಯಲ್ಲಿ ಹನ್ನೊಂದು ಕಂಡರೆ ಉಳಿದ ಹದಿನೇಳು ಯಾರಲ್ಲಿದೆ ಎಂದು ಹುಡುಕುವುದೇ ಆಟ. ಮೂವತ್ತೊಂದು ವರ್ಷ ಅಂಗಡಿ ಅಂಗಡಿ ಸುತ್ತಿ ತೂಕದ ಕಲ್ಲುಗಳಿಗೆ ಮುದ್ರೆ ಒತ್ತಿದವನಿಗೆ ಈ ಆಟ ಹಿಡಿಸಿದ್ದು ಅದಕ್ಕೇ. ಇಲ್ಲಿ ಯಾವುದೂ ಹೆಚ್ಚಲ್ಲ, ಕಡಿಮೆಯಲ್ಲ.

ದಿನಕ್ಕೆ ಎರಡೇ ಪಾಠ ಮಾಡು. ನಾನು ಹೇಳುವ ತನಕ ಮುಂದಿನದಕ್ಕೆ ಹೋಗಬೇಡ. ಯಾವ ಪಾಠದಲ್ಲಿದ್ದೀಯ ಎಂದು ವಾರಕ್ಕೊಮ್ಮೆ ಬರೆ. ಪಾಠದ ಜೊತೆಗೆ ಯಂತ್ರದ ಎದುರಾಳಿಗಳಿರುವ ಮೇಜುಗಳೂ ಇವೆ. ಅಲ್ಲಿ ಎಷ್ಟು ಸೋತರೂ ಯಾರೂ ನಗುವುದಿಲ್ಲ.

ಏಪ್ರಿಲ್‌ನಿಂದ ನಮ್ಮ ಕ್ಲಬ್ಬಿನ ಭಾನುವಾರದ ಆನ್‌ಲೈನ್ ಪಂದ್ಯಗಳಲ್ಲಿ ನೀನೇ ನನ್ನ ಜೊತೆಗಾತಿ. ನನ್ನ ಹಳೆಯ ಜೊತೆಗಾರ, ನಮ್ಮ ಗೆಳೆಯ ಕಂಪಾಸು ಈಗ ನನ್ನ ಜೊತೆ ಆಡುವುದಿಲ್ಲ. ಹತ್ತೊಂಬತ್ತು ವರ್ಷ ಆಡಿದ ಮೇಲೆ ಅವನಿಗೂ ನನಗೂ ಸಾಕಾಯಿತು. ಕಾರಣ ಕೇಳಬೇಡ. ಪಂದ್ಯದ ವಿಷಯವಾಗಿ ಮೊಬೈಲಿನಲ್ಲಿ ಸಂದೇಶ ಕಳಿಸುವುದೂ ಬೇಡ. ಜೊತೆಗಾರರು ಗುಟ್ಟಾಗಿ ಮಾತಾಡಿಕೊಂಡರು ಎಂಬ ಮಾತು ಬರಬಾರದು.

ಅಣ್ಣ


ಏಪ್ರಿಲ್ ೧೪

ಅಣ್ಣಾ,

ನಿನ್ನೆ ಸಂಜೆಯಿಂದ ನನಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿಲ್ಲ. ಪ್ಲಾಸ್ಟರ್ ಬಿಚ್ಚಿ ಹದಿನೈದು ದಿನವಾಯಿತು, ಅದರ ಮಾತಲ್ಲ. ಇಪ್ಪತ್ತೆರಡು ಜೋಡಿಗಳಲ್ಲಿ ನಾವು ಮೊದಲು. ಮೂರು ತಿಂಗಳ ಹಿಂದೆ ಕಳಾವರ್ ಯಾವುದು, ಇಸ್ಪೀಟ್ ಯಾವುದು ಎಂದು ತಡವರಿಸುತ್ತಿದ್ದವಳು ನಾನು.

ಒಂಬತ್ತನೆಯ ಆಟ ಮಾತ್ರ ನನ್ನ ತಲೆಯಿಂದ ಹೋಗುತ್ತಿಲ್ಲ. ನಾನು ಡಮ್ಮಿ, ನನ್ನ ಎಲೆಗಳು ಮೇಜಿನ ಮೇಲಿದ್ದವು. ನಮ್ಮಿಬ್ಬರಲ್ಲಿ ಸೇರಿ ಆಟಿನ್ ಒಂಬತ್ತು. ದೊಡ್ಡ ಎಲೆಗಳಲ್ಲಿ ರಾಜ ಒಬ್ಬನೇ ಹೊರಗೆ. ನನ್ನ ಕಡೆ ಎಕ್ಕ, ರಾಣಿ. ನೀನು ಸಣ್ಣ ಎಲೆ ನಡೆಸಿದೆ, ಎಡಗಡೆಯವಳು ಸಣ್ಣದು ಹಾಕಿದಳು. ರಾಜ ಅವಳಲ್ಲಿರಬಹುದೆಂದು ಇಲ್ಲಿ ರಾಣಿಯನ್ನು ಬಿಡಬೇಕು. ಮೂವತ್ತನೆಯ ಪಾಠ, ಎಂಟು ಸಲ ಮಾಡಿದ್ದೇನೆ. ನೀನು ಎಕ್ಕ ಹಾಕಿದೆ. ಬಲಗಡೆಯವನ ಕೈಯಿಂದ ರಾಜ ಒಂಟಿಯಾಗಿ ಬಿದ್ದ. ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ.

ಅದು ನಿನಗೆ ಹೇಗೆ ಗೊತ್ತಾಯಿತು? ಕೂಗಿನಲ್ಲಿ ಸುಳಿವಿತ್ತೇ? ನನಗೂ ಹೇಳಿಕೊಡು.

ನಿನ್ನ ಸಾಸಿವೆ


ಏಪ್ರಿಲ್ ೨೫

ಸಾಸಿವೆ,

ಎಣಿಸಬೇಕು. ಅಷ್ಟೇ.

ಆ ಆಟವನ್ನು ಪದೇಪದೇ ನೋಡುತ್ತ ಕೂರಬೇಡ. ಮುಂದಿನ ಪಾಠಗಳಿಗೆ ಹೋಗು.

ಅಣ್ಣ


ಜೂನ್ ೯

ಅಣ್ಣಾ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಕ್ಷಮಿಸು.

ಕ್ಲಬ್ಬಿನ ಸಮಿತಿಯಿಂದ ನನಗೊಂದು ಪತ್ರ ಬಂದಿದೆ, ನಿನಗೂ ಬಂದಿರಬೇಕು. ಎಂಟು ಭಾನುವಾರಗಳಲ್ಲಿ ಆರು ಗೆದ್ದಿದ್ದೇವೆ, ನಮ್ಮ ಆಟದಲ್ಲಿ ‘ವಿವರಣೆ ಬೇಕಾದ ಸಂಗತಿಗಳು’ ಇವೆಯಂತೆ. ಎಷ್ಟು ನಯವಾದ ಮಾತು ನೋಡು. ನೇರವಾಗಿ ಹೇಳಿದರೆ ಕಳ್ಳರು ಎಂದರ್ಥ. ಓದುವಾಗ ಲ್ಯಾಬಿನಲ್ಲಿದ್ದೆ, ಕೈಯಲ್ಲಿ ಒಬ್ಬ ಮುದುಕರ ಮೇಲ್ದವಡೆಯ ಅಚ್ಚು ಇತ್ತು. ಅದು ಜಾರಿ ಬಿದ್ದು ಎರಡು ಹೋಳಾಯಿತು. ಪಕ್ಕದ ಮೇಜಿನವಳು ಗಾಬರಿಯಾಗಿ ಮನೆಯಲ್ಲಿ ಏನಾದರೂ ಆಯಿತೇ ಎಂದು ಕೇಳಿದಳು. ಏನೆಂದು ಹೇಳಲಿ?

ನಾನು ಅವತ್ತೇ ಉತ್ತರ ಬರೆದು ಹಾಕಿದೆ. ಸುಳ್ಳು ತಕ್ಕಡಿ ಹಿಡಿದ ತಪ್ಪಿಗೆ ತನ್ನ ಸ್ವಂತ ಮಾವನ ಅಂಗಡಿಗೇ ಬೀಗ ಹಾಕಿಸಿ, ಎರಡು ವರ್ಷ ಹೆಂಡತಿಯ ತವರಿನ ಹೊಸಿಲು ತುಳಿಯಲಾಗದೆ ಇದ್ದವನು ನನ್ನ ಅಣ್ಣ ಎಂದು ಬರೆದೆ. ಅವನ ಪರವಾಗಿ ನಾನು ಆಣೆ ಮಾಡಿ ಹೇಳುತ್ತೇನೆ ಎಂದೂ ಬರೆದು ಸಹಿ ಮಾಡಿದೆ. ಸರಿ ಮಾಡಿದೆ ತಾನೇ?

ನಿನ್ನ ತಂಗಿ


ಜೂನ್ ೧೭

ಸಾಸಿವೆ,

ನೀನು ಆ ಪತ್ರ ಬರೆಯಬಾರದಿತ್ತು. ನನ್ನನ್ನು ಒಂದು ಮಾತು ಕೇಳಬೇಕಿತ್ತು.

ಅತ್ತಿಗೆ ಚೆನ್ನಾಗಿದ್ದಾಳೆ. ಈ ಭಾನುವಾರ ಆಡುವುದು ಬೇಡ.

ಅಣ್ಣ


ಜೂನ್ ೨೫

ಅಣ್ಣಾ,

ನಿನ್ನ ನಾಲ್ಕು ಸಾಲನ್ನು ಮತ್ತೆ ಮತ್ತೆ ಓದಿದೆ. ಆಮೇಲೆ ಮಾಡಬಾರದ ಕೆಲಸ ಮಾಡಿದೆ. ನಾವು ಆಡಿದ ಆಟಗಳೆಲ್ಲ ಆ ತಾಣದಲ್ಲಿ ಹಾಗೆಯೇ ಉಳಿದಿರುತ್ತವೆ, ಒಂದೊಂದೇ ಎಲೆ ನಡೆಸಿ ಮತ್ತೆ ನೋಡಬಹುದು. ನಿನ್ನ ಪರವಾಗಿ ಸಮಿತಿಯ ಮುಂದೆ ಇಡೋಣವೆಂದು ಎಲ್ಲವನ್ನೂ ನೋಡಿದೆ. ಹನ್ನೊಂದು ಸಲ ನೀನು ಪಾಠಕ್ಕೆ ವಿರುದ್ಧವಾದ ಎಲೆ ಹಾಕಿದ್ದೀಯ. ಹನ್ನೊಂದೂ ಸಲ ಅದೇ ಸರಿಯಾಗಿದೆ.

ಪ್ರತಿ ಭಾನುವಾರ ನಮ್ಮ ಮೇಜಿಗೆ ಒಬ್ಬ ನೋಡುಗ ಬರುತ್ತಿದ್ದ. ಹೆಸರು ‘ದಾರಿಹೋಕ’. ನಾವು ಬಂದಾಗ ಬರುತ್ತಾನೆ, ನಾವು ಎದ್ದಾಗ ಏಳುತ್ತಾನೆ. ನಮ್ಮ ಆಟ ಮೆಚ್ಚಿದ ಯಾರೋ ಪುಣ್ಯಾತ್ಮ ಎಂದುಕೊಂಡು ಬೀಗುತ್ತಿದ್ದೆ. ನಿನ್ನೆ ಮಧ್ಯಾಹ್ನ ನಾನೇ ಇನ್ನೊಂದು ಹೆಸರಿನಲ್ಲಿ ಗುರುತಿಲ್ಲದವರ ಮೇಜಿಗೆ ಹೋಗಿ ನೋಡುಗಿಯಾಗಿ ಕೂತೆ. ಪರದೆ ತೆರೆಯಿತು. ನಾಲ್ಕೂ ಕೈ ಕಂಡವು, ಐವತ್ತೆರಡು ಎಲೆಗಳೂ.

ದಾರಿಹೋಕ ಬಾರದೆ ಇದ್ದದ್ದು ಒಂದೇ ಭಾನುವಾರ, ಮೇ ಹದಿನೆಂಟು. ಅವತ್ತು ನೀನು ತುರುಫು ಯಾವುದೆಂಬುದನ್ನೇ ಮರೆತು, ಗೆದ್ದ ಆಟವನ್ನು ಕೈಯಾರೆ ಬಿಟ್ಟುಕೊಟ್ಟೆ. ನಿನಗೆ ಜ್ವರವಿರಬೇಕು ಎಂದುಕೊಂಡಿದ್ದೆ.

ದಾರಿಹೋಕ ಯಾರು ಅಣ್ಣಾ?

ನಾನು ಆಣೆ ಮಾಡಿ ಸಹಿ ಹಾಕಿದ ಕಾಗದ ಆ ಸಮಿತಿಯ ಮೇಜಿನ ಮೇಲಿದೆ. ಜುಲೈ ಹತ್ತಕ್ಕೆ ಅವರ ಸಭೆ. ಅಷ್ಟರೊಳಗೆ ನೀನು ಹೇಳದಿದ್ದರೆ ನಾನು ಹೇಳಬೇಕಾಗುತ್ತದೆ. ನನ್ನ ಕೈಯಿಂದ ಅದನ್ನು ಮಾಡಿಸಬೇಡ.

ತಂಗಿ


ಜೂನ್ ೩೦

ನಾದಿನಿಗೆ,

ನಿನ್ನ ಅಣ್ಣನ ಹೆಸರಿಗೆ ಬಂದ ಪತ್ರ ನಾನು ಓದಬಾರದಿತ್ತು. ಅವರು ಅದನ್ನು ಓದಿ, ಮಡಿಸದೆ ಊಟದ ಮೇಜಿನ ಮೇಲೆ ಬಿಟ್ಟು ಹೊರಗೆ ಹೋದರು. ಓದಲಿ ಎಂದೇ ಬಿಟ್ಟರೋ ಏನೋ.

ಓದಿದ ಮೇಲೆ ಹುಡುಕಿದೆ. ಅವರ ಎರಡನೆಯ ಪರದೆ, ಒಂದು ಚಿಕ್ಕ ಟ್ಯಾಬ್, ಇಸ್ತ್ರಿ ಬಟ್ಟೆಯ ಕಪಾಟಿನಲ್ಲಿ, ದಿಂಬಿನ ಹೊದಿಕೆಗಳ ಕೆಳಗಿತ್ತು. ನಾನೇ ದಿನಾ ಮಡಿಸಿಡುವ ಹೊದಿಕೆಗಳು. ಭಾನುವಾರ ನಾಲ್ಕು ಗಂಟೆಗೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆಟಕ್ಕೆ ಗಲಾಟೆ ಆಗಬಾರದು ಎನ್ನುತ್ತಿದ್ದರು, ನಾನು ಮಿಕ್ಸಿಯನ್ನೂ ಹಾಕುತ್ತಿರಲಿಲ್ಲ. ಮೇ ತಿಂಗಳಲ್ಲಿ ಒಂದು ಭಾನುವಾರ ಏನೋ ಸಿಗದೆ ಮನೆಯೆಲ್ಲ ತಡಕಾಡಿದರು. ಏನು ಹುಡುಕುತ್ತಿದ್ದೀರಿ ಎಂದರೆ ಹೇಳಲಿಲ್ಲ, ಇದರ ಚಾರ್ಜರ್ ಇರಬೇಕು ಎಂದು ಈಗ ಹೊಳೆಯಿತು.

ಇನ್ನೊಂದು ವಿಷಯ. ಇದನ್ನು ನಿನಗೆ ಮೊದಲೇ ಬರೆಯಬೇಕಿತ್ತು. ಚಳಿಗಾಲದಿಂದ ಅವರು ಕೇಳಿದ್ದನ್ನೇ ಕೇಳುತ್ತಾರೆ. ಅಂಗಡಿಗೆ ಹೋಗಿ ಬರಿಗೈಲಿ ಬರುತ್ತಾರೆ, ಅಂಗಡಿ ಮುಚ್ಚಿತ್ತು ಎನ್ನುತ್ತಾರೆ. ಒಂದು ದಿನ ನಾನೇ ಹಿಂದೆ ಹೋದೆ. ಅಂಗಡಿ ತೆರೆದೇ ಇತ್ತು. ಇವರು ಎದುರಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ಮಾತಾಡಿಸದೆ ವಾಪಸು ಬಂದೆ. ಅವತ್ತು ಯಾಕೆ ಮಾತಾಡಿಸಲಿಲ್ಲ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.

ನಿನ್ನ ಅತ್ತಿಗೆ


ಜುಲೈ ೩

ಸಾಸಿವೆ,

ದಾರಿಹೋಕ ನಾನೇ.

ಸಮಿತಿಗೆ ನಿನ್ನೆ ಬರೆದು ಕಳಿಸಿದೆ. ನಿನಗೆ ಏನೂ ತಿಳಿದಿರಲಿಲ್ಲ ಎಂಬುದನ್ನು ಮೊದಲ ಸಾಲಿನಲ್ಲೇ ಬರೆದಿದ್ದೇನೆ. ನಿನ್ನ ಆಣೆಯ ಕಾಗದವನ್ನು ನಿನಗೆ ಹಿಂದಿರುಗಿಸಬೇಕೆಂದು ಕೇಳಿದ್ದೇನೆ.

ಕಳೆದ ವರ್ಷದ ಕೊನೆಗೆ ಶುರುವಾಯಿತು. ಐದನೆಯ ಸುತ್ತಿಗೆ ಬರುವಷ್ಟರಲ್ಲಿ ಮೊದಲ ಸುತ್ತಿನ ಎಲೆಗಳು ತಲೆಯಿಂದ ಅಳಿಸಿಹೋಗುತ್ತಿದ್ದವು. ಐವತ್ತೆರಡೂ ಎಲೆಗಳು ಹೋದ ದಾರಿಯನ್ನು ಆಟ ಮುಗಿದ ಮೇಲೆ ಒಪ್ಪಿಸುತ್ತಿದ್ದವನು ನಾನು, ನಿನಗೆ ಗೊತ್ತು. ಕಂಪಾಸು ಮೂರು ವಾರ ಸಹಿಸಿಕೊಂಡ. ನಾಲ್ಕನೆಯ ವಾರ ನನ್ನ ಹತ್ತಿರ ಬಂದು ಕಿವಿಯ ಬಳಿ ಹೇಳಿದ, “ನಿಂಗೆ ಏನೋ ಆಗ್ತಿದೆ ಕಣೋ, ಡಾಕ್ಟ್ರ ಹತ್ರ ಹೋಗೋಣ ಬಾ, ನಾನೂ ಬರ್ತೀನಿ.” ನಾನು ಅವನನ್ನು ಎಲ್ಲರೆದುರು ಬಾಯಿಗೆ ಬಂದಂತೆ ಬೈದೆ. ನಮ್ಮ ಸ್ನೇಹ ಮುರಿದದ್ದು ಹಾಗೆ.

ನಿನಗೆ ಪಾಠದ ಚೀಟಿ ಕಳಿಸಿದ್ದು ನಿನ್ನ ಕಾಲು ಮುರಿಯುವ ಮೊದಲು, ನೆನಪಿದೆಯೇ? ಆ ತಾಣವನ್ನು ನಾನು ಹುಡುಕಿದ್ದು ನಿನಗಾಗಿ ಅಲ್ಲ. ನನಗಾಗಿ. ದಿನಕ್ಕೆ ಎರಡೇ ಪಾಠ ಎಂದು ನಿನ್ನನ್ನು ತಡೆದದ್ದು, ನೀನು ನನ್ನನ್ನು ದಾಟಿ ಹೋಗಬಾರದು ಎಂದು. ಬೆಳಿಗ್ಗೆ ಎದ್ದು ಮೊದಲ ಪಾಠದಿಂದ ಕಲಿಯುತ್ತಿದ್ದೆ. ಆ ಹಳದಿ ಚೌಕ ನಿನಗೆ ಹದಿನೇಳು ಸಲ ಬಂದಿತೆಂದು ಬರೆದಿದ್ದೆ. ನನಗೆ ಎಷ್ಟು ಸಲ ಬಂದಿತೆಂದು ಬರೆಯಲಾರೆ. ಮೂವತ್ತನೆಯ ಪಾಠದ ಹೊತ್ತಿಗೆ ನೀನು ದಾಟಿಬಿಟ್ಟೆ.

ಮೊದಲ ಭಾನುವಾರ ಎರಡನೆಯ ಪರದೆ ತೆರೆದದ್ದು, ಯಾವ ಎಲೆ ಹೋಗಿದೆ ಎಂದು ನೋಡಿಕೊಳ್ಳಲು ಮಾತ್ರ ಎಂದು ನನಗೆ ನಾನೇ ಹೇಳಿಕೊಂಡೆ. ಒಂಬತ್ತನೆಯ ಆಟದಲ್ಲಿ ಆ ಒಂಟಿ ರಾಜ ಕಣ್ಣೆದುರು ಕೂತಿದ್ದ. ಕಂಡದ್ದನ್ನು ಕಾಣದವನಂತೆ ಆಡಲು ನನ್ನಿಂದ ಆಗಲಿಲ್ಲ. ನೀನು ಸಂತೋಷಪಟ್ಟು ಬರೆದ ಆ ಪತ್ರವನ್ನು ಕಪಾಟಿನಲ್ಲಿ ಆ ಪರದೆಯ ಜೊತೆಗೇ ಇಟ್ಟಿದ್ದೆ.

ನಿನ್ನನ್ನು ಈ ಕೊಳೆಗೆ ಎಳೆದದ್ದಕ್ಕೆ ಏನು ಹೇಳಲಿ. ಬೇಡ, ಏನೂ ಹೇಳುವುದಿಲ್ಲ.

ಅಣ್ಣ


ಜುಲೈ ೯

ಅಣ್ಣಾ,

ನಿನ್ನ ಪತ್ರವನ್ನು ನಿಂತೇ ಓದಿದೆ. ಚಪ್ಪಲಿಯನ್ನೂ ಬಿಚ್ಚಿರಲಿಲ್ಲ.

ನೀನು ಮೋಸ ಮಾಡಿದೆ ಎಂಬುದು ನನ್ನನ್ನು ಸುಡುತ್ತಿದೆ. ಅದು ಸುಳ್ಳು ಎಂದು ನಾನು ನಟಿಸಲಾರೆ. ಆದರೆ ಅದಕ್ಕಿಂತ ನನಗೆ ಸಹಿಸಲಾಗದ್ದು ಇನ್ನೊಂದಿದೆ. ತಲೆಯಲ್ಲಿ ಎಲೆಗಳು ಅಳಿಸಿಹೋಗುತ್ತಿವೆ ಎಂದು ನೀನು ಇಷ್ಟು ತಿಂಗಳು ಒಬ್ಬನೇ ಕೂತು ನೋಡಿದೆಯಲ್ಲ, ಒಂದೇ ಮೇಜಿನಲ್ಲಿ ಎದುರಿಗೆ ಕೂತು ನಾನು ಶಹಭಾಸ್ ಎನ್ನುತ್ತಿದ್ದೆನಲ್ಲ.

ಶನಿವಾರ ಬರುತ್ತೇನೆ. ಸೋಮವಾರ ವೈದ್ಯರ ಬಳಿ ಹೋಗುತ್ತೇವೆ. ನೀನು ಬರುವುದಿಲ್ಲ ಎಂದರೂ ಹೋಗುತ್ತೇವೆ. ಕಂಪಾಸು ಅವರಿಗೂ ಹೇಳಿದ್ದೇನೆ. ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ಎಷ್ಟು ಗಂಟೆಗೆ ಎಂದಷ್ಟೇ ಕೇಳಿದರು.

ಸಾಸಿವೆ


ಆಗಸ್ಟ್ ೪

ನಾದಿನಿಗೆ,

ನೀನು ಊರಿಗೆ ಹೋದ ಮೂರನೆಯ ದಿನ ಎಲ್ಲ ಪರೀಕ್ಷೆಗಳ ಫಲಿತಾಂಶ ಬಂತು. ನಾವು ಮೂವರೂ ಏನು ಕೇಳಲು ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದೆವು ಎಂದು ನಿನಗೆ ಗೊತ್ತು. ಕಂಪಾಸು ಅವರು ದಾರಿಯುದ್ದಕ್ಕೂ ನಿನ್ನ ಅಣ್ಣನ ತೋಳು ಬಿಟ್ಟಿರಲಿಲ್ಲ.

ವೈದ್ಯೆ ಕಾಗದಗಳನ್ನು ತಿರುವಿ, ಮೆದುಳಿನ ಚಿತ್ರದಲ್ಲಿ ಹೆದರುವಂಥದ್ದು ಏನೂ ಇಲ್ಲ ಎಂದರು. ರಕ್ತದಲ್ಲಿ ಒಂದು ವಿಟಮಿನ್ ಇರಬೇಕಾದ್ದರ ಕಾಲು ಭಾಗವೂ ಇಲ್ಲವಂತೆ. ಹೊಟ್ಟೆ ಅದನ್ನು ಹೀರಿಕೊಳ್ಳುತ್ತಿಲ್ಲ. ಮರೆವು, ಸುಸ್ತು, ಬೆರಳ ತುದಿಯ ಜೋಮು ಎಲ್ಲ ಅದರಿಂದಲೇ. ಇಂಜೆಕ್ಷನ್ ಕೊಡುತ್ತಾರೆ, ಬಹುಪಾಲು ಸರಿಹೋಗಬಹುದು ಎಂದರು. “ಆರು ತಿಂಗಳು ಮುಂಚೆ ಬಂದಿದ್ರೆ ಇಷ್ಟೆಲ್ಲ ಆಗ್ತಾನೇ ಇರ್ಲಿಲ್ವಲ್ಲ,” ಎಂದು ಸುಮ್ಮನೆ, ಮಾತಿಗೆ ಅನ್ನುವ ಹಾಗೆ ಅಂದರು.

ನನಗೆ ಖುಷಿಯಿಂದ ಅಳು ಬಂತು. ನಿನ್ನ ಅಣ್ಣನ ಮುಖ ನೋಡಿ ಅಳು ಅಲ್ಲೇ ನಿಂತಿತು. ವೈದ್ಯೆ ಮೆಲ್ಲಗೆ ಹೇಳಿದ್ದನ್ನು ಅವರು ಕೇಳಿಸಿಕೊಂಡಿದ್ದರು. ಕಿವಿ ಕೇಳದ ಮನುಷ್ಯನಿಗೆ ಆ ಒಂದು ಮಾತು ಹೇಗೆ ಕೇಳಿಸಿತೋ.

ನಿನ್ನ ಅತ್ತಿಗೆ


ನವೆಂಬರ್ ೨೧

ಸಾಸಿವೆ,

ನಾಲ್ಕು ತಿಂಗಳು ಬರೆಯಲಿಲ್ಲ. ಬರೆಯಲು ಏನೂ ಇಲ್ಲದೆ ಅಲ್ಲ.

ನೆನಪು ಬಂದಿದೆ. ಎಲ್ಲವೂ ಅಲ್ಲ, ಕೆಲವು ಹೆಸರುಗಳು ಹೋದದ್ದು ಹೋದವೇ. ಆದರೆ ಮೊನ್ನೆ ಮೇಜಿನ ಮೇಲೆ ಒಬ್ಬನೇ ನಾಲ್ಕು ಕೈ ಹಂಚಿಕೊಂಡು ಆಡಿ, ಕಟ್ಟು ಕಟ್ಟಿಟ್ಟು, ಹದಿಮೂರು ಸುತ್ತನ್ನೂ ಅತ್ತಿಗೆಗೆ ಒಪ್ಪಿಸಿದೆ. ಅವಳಿಗೆ ಆಟ ಬರುವುದಿಲ್ಲ, ಆದರೂ ಕೊನೆಯ ತನಕ ಕೇಳಿದಳು. ತಲೆ ತಿಳಿಯಾದಂತೆಲ್ಲ ಆ ಎಂಟು ಭಾನುವಾರಗಳೂ ತಿಳಿಯಾಗಿ ಕಾಣುತ್ತಿವೆ. ಹನ್ನೊಂದು ಎಂದು ಬರೆದಿದ್ದೆ ನೀನು. ಹದಿನಾಲ್ಕು. ಮೂರು ನಿನ್ನ ಕಣ್ಣಿಗೆ ಬಿದ್ದಿಲ್ಲ.

ಸಮಿತಿ ನನ್ನನ್ನು ಎರಡು ವರ್ಷ ಆಟದಿಂದ ಹೊರಗಿಟ್ಟಿದೆ. ವೈದ್ಯೆಯ ಚೀಟಿ ತೋರಿಸಿದರೆ ಕಡಿಮೆ ಮಾಡುತ್ತಾರೆ ಎಂದು ಕಂಪಾಸು ಎರಡು ಸಲ ಹೇಳಿದ. ನಾನು ಒಪ್ಪಲಿಲ್ಲ. ರಕ್ತದಲ್ಲಿ ಕೊರತೆಯಿದ್ದದ್ದು ನನಗೆ ಮರೆವು ತಂದಿತು. ಇನ್ನೊಂದು ಹೆಸರು ಬರೆದು, ಪರದೆಯನ್ನು ದಿಂಬಿನ ಹೊದಿಕೆಯ ಕೆಳಗೆ ಬಚ್ಚಿಟ್ಟದ್ದು ಅದಲ್ಲ, ನಾನು. ಬಚ್ಚಿಟ್ಟ ಜಾಗವನ್ನು ಒಂದು ದಿನವೂ ಮರೆಯಲಿಲ್ಲ ನೋಡು.

ನಮ್ಮೆದುರು ಆ ಎಂಟು ವಾರಗಳಲ್ಲಿ ಕೂತ ಎಲ್ಲರಿಗೂ ಒಂದೊಂದು ಕಾಗದ ಬರೆದೆ. ಕೆಲವರು ಬೈದು ಬರೆದರು, ಕೆಲವರು ಉತ್ತರಿಸಲಿಲ್ಲ. ಹೋಗಲಿ ಬಿಡಿ, ಆಟ ತಾನೇ ಎಂದರು ಇಬ್ಬರು. ಇವೆಲ್ಲಕ್ಕೂ ನಾನು ತಯಾರಾಗಿದ್ದೆ.

ಹೋದ ವಾರ ಒಬ್ಬ ಬಸ್ ಚಾಲಕರ ಉತ್ತರ ಬಂತು. ಅವರೂ ಅವರ ಹೆಂಡತಿಯೂ ನಿನ್ನಂತೆಯೇ ಆ ತಾಣದ ಪಾಠಗಳಿಂದ ಕಲಿತವರು. ಬಸ್ಸು ಡಿಪೋದಲ್ಲಿ ನಿಂತಿರುವಾಗ ಮೊಬೈಲಿನಲ್ಲಿ ಪಾಠ ಮಾಡುತ್ತಿದ್ದರಂತೆ. ಜೂನ್ ಒಂದರಂದು ನಮ್ಮೆದುರು ನಾಲ್ಕು ಆಟ ಸೋತರು. ಅವರ ಉತ್ತರವನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. “ಸಾರ್, ಅವತ್ತು ನಾನು ಎಷ್ಟು ಯೋಚ್ನೆ ಮಾಡಿ ಹಾಕಿದ್ರೂ ನಿಮಗೆ ಮೊದ್ಲೇ ಗೊತ್ತಿರ್ತಿತ್ತು. ಈ ಆಟ ನಮ್ಮಂಥೋರ ತಲೆಗೆ ಹತ್ತೋದಲ್ಲ ಅಂದ್ಕೊಂಡು ಅವತ್ತೇ ಬಿಟ್‌ಬಿಟ್ಟೆ, ನನ್ ಹೆಂಡ್ತೀನೂ ಬಿಟ್ಲು. ಈಗ ನೀವು ಹೀಗೆ ಬರ್ದಿದೀರ. ಹಾಗಾದ್ರೆ ನಂಗೆ ಆಟ ಬರ್ತಿತ್ತಾ ಸಾರ್?”

ಸಾಸಿವೆ, ಈ ಕಾಗದವನ್ನು ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ನನ್ನ ಹೆಸರು ಹೋಯಿತು, ನಿನ್ನ ನಂಬಿಕೆ ಹೋಯಿತು, ಕ್ಲಬ್ಬು ಹೋಯಿತು ಎಂದು ಎಣಿಸುತ್ತಿದ್ದೆ. ಇಂಥದ್ದೊಂದನ್ನು ಕಿತ್ತುಕೊಂಡಿದ್ದೇನೆ ಎಂದು ನನಗೆ ಹೊಳೆದಿರಲೇ ಇಲ್ಲ.

ಮೂರನೆಯ ದಿನ ಅವರೊಡನೆ ಆಡಿದ ನಾಲ್ಕು ಆಟಗಳನ್ನು ತೆಗೆದು ಕೂತೆ. ಎರಡನೆಯದರಲ್ಲಿ ನೀನು ಡಮ್ಮಿ, ಮೇಜಿನ ಮೇಲೆ ನಿನ್ನ ಇಸ್ಪೀಟ್ ರಾಜ, ಗುಲಾಮ. ನಾನು ಸಣ್ಣ ಎಲೆ ನಡೆಸಿದೆ. ಎಕ್ಕ ಎಡಗಡೆ ಕೂತ ಅವರ ಕೈಯಲ್ಲೇ ಇತ್ತು, ರಾಣಿ ಬಲಗಡೆ ಅವರ ಹೆಂಡತಿಯಲ್ಲಿ. ಹೊಸಬನಾದರೆ ತಟ್ಟನೆ ಎಕ್ಕ ಹಾಕುತ್ತಾನೆ, ಇಲ್ಲವೇ ಒಂದು ಗಳಿಗೆ ತಡೆದು ಸಿಕ್ಕಿಬೀಳುತ್ತಾನೆ. ಅವರು ಕಣ್ಣು ಮಿಟುಕಿಸುವಷ್ಟು ಹೊತ್ತೂ ತಡೆಯದೆ ಸಣ್ಣ ಎಲೆ ಹಾಕಿದ್ದರು. ಯಾರೇ ಆಗಲಿ, ಎಕ್ಕ ಇವರಲ್ಲಿಲ್ಲ ಎಂದು ನಂಬಿ ಗುಲಾಮನನ್ನು ಹಾಕಿ ಸೋಲುತ್ತಿದ್ದರು. ಕಂಪಾಸೂ ಸೋಲುತ್ತಿದ್ದ. ನನ್ನ ಒಳ್ಳೆಯ ಕಾಲದಲ್ಲಿ ನಾನೂ ಸೋಲುತ್ತಿದ್ದೆ. ನಾನು ರಾಜನನ್ನು ಹಾಕಿದೆ, ಏಕೆಂದರೆ ಎಕ್ಕ ನನಗೆ ಕಾಣುತ್ತಿತ್ತು.

ಆ ಆಟವನ್ನು ಎಲೆ ಎಲೆಯಾಗಿ ಬರೆದು, ಅವರ ಎಲೆಯ ಕೆಳಗೆ ಗೆರೆ ಎಳೆದು, ಇವತ್ತು ಅಂಚೆಗೆ ಹಾಕಿ ಬಂದೆ. ಕೊನೆಗೆ ಹೀಗೆ ಬರೆದಿದ್ದೇನೆ: ‘ನಿಮಗೆ ಆಟ ಬರುತ್ತಿತ್ತು. ಅವತ್ತು ಆ ಮೇಜಿನಲ್ಲಿ ಅದನ್ನು ಖಚಿತವಾಗಿ ಬಲ್ಲವನು ನಾನೊಬ್ಬನೇ. ನಾಲ್ಕೂ ಕೈ ಕಂಡವನು ಹೇಳುತ್ತಿದ್ದೇನೆ, ನಂಬಿ.’

ನಂಬುತ್ತಾರೋ ಇಲ್ಲವೋ ಗೊತ್ತಿಲ್ಲ.

ನಿನ್ನ ಅಣ್ಣ